ಗಾಜಿನ ಇನ್ನೊಂದು ತುದಿ

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಗಾಜಣ್ಣ ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಬೆರಳಿಟ್ಟು ನೋಡಿಕೊಂಡ. ನಾಡಿ ತನ್ನ ಪಾಡಿಗೆ ತಾನು ಹೊಡೆದುಕೊಳ್ಳುತ್ತಿತ್ತು. ಅಷ್ಟಕ್ಕೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ಸರಿಯಾಗಿ ಹೊಡೆದುಕೊಳ್ಳುತ್ತಿದೆ ಎಂದರೆ ಏನೋ ಹೊಂಚು ಹಾಕುತ್ತಿರಬೇಕು ಎನ್ನಿಸಿತು. ಮಹಡಿಯ ಮೇಲಿನ ಬಾಡಿಗೆಯವರು ಓಡಾಡಿದರೆ ಸದ್ದು ಎಂದು ಗೊಣಗಿ, ಓಡಾಡದಿದ್ದರೆ ಏನಾಯಿತೋ ಎಂದು ಚಾವಣಿ ನೋಡುತ್ತ ಕೂರುವ ಮನೆ ಮಾಲೀಕನ ಹಾಗಾಗಿತ್ತು ಅವನ ಸ್ಥಿತಿ. ಅರವತ್ತು ದಾಟುವ ತನಕ ಎದೆಯೊಳಗೆ ಹೃದಯ ಎಂಬುದೊಂದು ಇದೆ ಎನ್ನುವುದೇ ಅವನ ಗಮನಕ್ಕೆ ಬಂದಿರಲಿಲ್ಲ. ಈಗ ಕೆಲವು ವಾರಗಳಿಂದ ಅದನ್ನು ಕಾಯುವುದೇ ಒಂದು ಕೆಲಸವಾಗಿತ್ತು. ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಹೆಂಡತಿ, ಇನ್ನೂ ಕೈಗಡಿಯಾರ ಕಟ್ಟಿಕೊಳ್ಳುತ್ತಲೇ ಇದ್ದೀರಾ ಎಂದು ಕೇಳಿದಳು. ಅವನು ಕೈಗಡಿಯಾರ ಕಟ್ಟುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹೌದು ಎಂದುಬಿಟ್ಟ.

ಹೊರಗೆ ಸೊಸೆ ಬೇಕರಿಯ ಗಾಜನ್ನು ತಳ್ಳುಗಾಡಿಯ ಚೌಕಟ್ಟಿಗೆ ಆನಿಸಿ, ಅಂಚಿಗೆ ಹಳೆಯ ಕಂಬಳಿಯ ತುಂಡು ಸುತ್ತುತ್ತಿದ್ದಳು. ಆಳೆತ್ತರಕ್ಕೂ ಮೀರಿದ ಗಾಜು. ಲಾರಿಯ ಚಕ್ರದಿಂದ ಚಿಮ್ಮಿದ ಕಲ್ಲೊಂದು ಬೇಕರಿಯ ಮುಂಗಾಜನ್ನು ಒಡೆದಿತ್ತು, ಅದರ ಜಾಗಕ್ಕೆ ಇದು. ಅಂಗಡಿಗಳ ಮುಂಗಾಜು, ಮನೆಗಳ ಕಿಟಕಿ, ಕ್ಷೌರದಂಗಡಿಯ ಕನ್ನಡಿ, ಹೀಗೆ ಕೂರಿಸುತ್ತ ಕೂರಿಸುತ್ತಲೇ ಅವನ ನಿಜ ಹೆಸರು ಸವೆದು ಗಾಜಣ್ಣ ಎಂಬುದಷ್ಟೇ ಉಳಿದಿತ್ತು. ಇಂಥ ದೊಡ್ಡ ಗಾಜು ಹೊರುವುದಕ್ಕೆ ಇಬ್ಬರು ಬೇಕು. ಮೊದಲು ತಮ್ಮ ಇದ್ದ, ತಮ್ಮನ ಮಂಡಿ ಕೈಕೊಟ್ಟಿತು. ಮಗನಿಗೆ ಹಾಲಿನ ವ್ಯಾನು ಓಡಿಸುವ ಕೆಲಸ, ಅಲ್ಲದೆ ಗಾಜು ಗೀರುವ ಸದ್ದು ಕೇಳಿದರೆ ಅವನಿಗೆ ಹಲ್ಲು ಜುಂ ಎನ್ನುತ್ತದೆ. ಆಗ ಸೊಸೆಯೇ ತೋಳು ಮಡಚಿಕೊಂಡು, ನಾನು ಹಿಡಿಯುತ್ತೇನೆ ಮಾವ ಎಂದು ಬಂದವಳು. ಮೊದಲ ದಿನವೇ ಅವನು ಅವಳಿಗೆ ಈ ಕೆಲಸದ ಕಟ್ಟಳೆ ಹೇಳಿಕೊಟ್ಟಿದ್ದ. ಮುಂದಿನವರು ದಾರಿ ಹೇಳಬೇಕು, ಹಿಂದಿನವರು ಗಾಜಿನ ತಲೆ ನೋಡಿಕೊಳ್ಳಬೇಕು. ಇಬ್ಬರಲ್ಲಿ ಯಾರೇ ಆಗಲಿ 'ನೆಲ' ಎಂದರೆ ಇನ್ನೊಬ್ಬರು ಕೂಡಲೇ ಗಾಜನ್ನು ಇಳಿಸಬೇಕು. ಏಕೆ ಎಂದು ಕೇಳಬಾರದು. ಇಳಿಸಿದ ಮೇಲೂ ಕೇಳಬಾರದು. ಕೇಳುತ್ತಾರೆ ಎಂದು ಗೊತ್ತಿದ್ದರೆ ಹೇಳುವುದಕ್ಕೆ ಹಿಂಜರಿಕೆ ಬರುತ್ತದೆ, ಹಿಂಜರಿದರೆ ಗಾಜು ಬೀಳುತ್ತದೆ. ಇಷ್ಟು ಚೆನ್ನಾಗಿ ಕಲಿಸಿದವನ ಬಾಯಿಂದ ಮಾತ್ರ ಆ ಮಾತು ಜೀವಮಾನದಲ್ಲಿ ಒಂದು ಸಲವೂ ಬಂದದ್ದಿಲ್ಲ. ತಮ್ಮ ಹೇಳಿದ್ದಾನೆ, ಅವನು ಹೇಳಿಲ್ಲ. ಅದೇ ಒಂದು ಹೆಮ್ಮೆ ಅವನಿಗೆ.

ನಿನ್ನೆ ಸಂಜೆ ಸೊಸೆ ಕೈಚೀಲ ಒಗೆದು ಹಿಂಡುತ್ತ, ಅವನ ಮುಖ ನೋಡದೆ ಹೇಳಿದ್ದಳು. "ಬೇಕರಿ ಗಾಜು ಕೂರಿಸಿಕೊಟ್ಟು ನಾನು ನಿಲ್ಲಿಸ್ತೀನಿ ಮಾವ. ಲಾಂಡ್ರಿಯಲ್ಲಿ ಕರೀತಿದಾರೆ. ನನ್ನ ಹೆಜ್ಜೆಯಿಂದ ನಿಮ್ಮ ಕೆಲಸ ಕೆಡೋದು ಬೇಡ." ಅವನು ಹೂಂ ಎಂದಿದ್ದ. ಹೂಂ ಎನ್ನುವುದಕ್ಕೆ ಏನೂ ಬಲ ಬೇಕಾಗಿಲ್ಲ. ಇಲ್ಲ ತಾಯಿ, ನಿನ್ನ ಹೆಜ್ಜೆ ಅಲ್ಲ ಎನ್ನುವುದಕ್ಕೆ ಬೇಕಾದ ಬಲ ಬಾಯಿಯ ತನಕ ಬಂದು, ಚಹಾದ ಜೊತೆಗೆ ಒಳಗೆ ಇಳಿದುಹೋಗಿತ್ತು.

ಅವಳ ಹೆಜ್ಜೆಯ ಮಾತು ಬಂದದ್ದು ನೃತ್ಯ ಕಲಿಸುವ ಹೆಂಗಸಿನ ಮನೆಯ ಮೆಟ್ಟಿಲಿನ ಮೇಲೆ. ಗೋಡೆಯಷ್ಟು ದೊಡ್ಡ ಕನ್ನಡಿ, ಇಕ್ಕಟ್ಟಿನ ಮೆಟ್ಟಿಲು, ಸೊಸೆ ಮುಂದೆ, ಅವನು ಹಿಂದೆ. ಕನ್ನಡಿಯ ಮುಖ ಅವನ ಕಡೆಗೆ ಓರೆಯಾಗಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಬೆರಳ ತುದಿಗಳಲ್ಲಿ ಇರುವೆ ಹರಿದಂತಾಯಿತು. ತುಟಿ ಮರಗಟ್ಟಿತು. ಯಾರೋ ಎದೆಯ ಮೇಲೆ ಮಡಚಿದ ಹಾಸಿಗೆಯೊಂದನ್ನು ಒರಗಿಸಿದ ಹಾಗೆ ಭಾರ, ಅದರ ಅಡಿಯಲ್ಲಿ ಹೃದಯ ಬಾಗಿಲು ಬಡಿಯುತ್ತಿದೆ. ಕಾಲು ಹತ್ತಿಯಾಗಿ, ಸೊಸೆ ಹೇಳುತ್ತಿದ್ದ 'ಮೆಟ್ಟಿಲು, ಇನ್ನೊಂದು ಮೆಟ್ಟಿಲು' ಎಂಬ ಮಾತು ಪಕ್ಕದ ಬೀದಿಯಿಂದ ಬಂದಂತೆ ಕೇಳಿಸಿತು. ತಲೆಯೆತ್ತಿದರೆ ಎದುರಿಗೆ ಬೂದಿ ಬಣ್ಣದ ಮುಖದ, ಬೆವರಿಳಿಯುವ ಮುದುಕನೊಬ್ಬ ಅವನನ್ನೇ ನೋಡುತ್ತಿದ್ದಾನೆ. ಪಾಪ, ಯಾರೋ ಇವನು, ಇವನ ಕಥೆ ಮುಗಿಯಿತು, ದಾರಿ ಬಿಡಬೇಕು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಆಮೇಲೆ ಗೊತ್ತಾಯಿತು. ಆಗ ಅವನು 'ನೆಲ' ಎನ್ನಬೇಕಿತ್ತು. ಅದರ ಬದಲು, "ನಿಂತ್ಕೊ, ಏನಿದು ನಿನ್ನ ಹೆಜ್ಜೆ, ಕನ್ನಡಿ ಅದುರ್ತಾ ಇದೆ" ಎಂದು ಗದರಿಸಿದ. ಅದುರುತ್ತಿದ್ದದ್ದು ಅವನ ಕೈ. ಅವಳು ಸುಮ್ಮನೆ ಕನ್ನಡಿ ಇಳಿಸಿದಳು. ಅಷ್ಟಕ್ಕೇ ನಿಲ್ಲದೆ, ಈ ಕನ್ನಡಿಯಲ್ಲೇ ದೋಷವಿದೆ, ಹಿಂದಿನ ಬೆಳ್ಳಿ ಬಣ್ಣ ಸರಿಯಾಗಿಲ್ಲ, ಮನುಷ್ಯರು ಹೆಣದ ಹಾಗೆ ಕಾಣುತ್ತಾರೆ ಎಂದು ಹೇಳಿ ಅದನ್ನು ಮೆಟ್ಟಿಲಿಳಿಸಿ ಮಳಿಗೆಗೆ ವಾಪಸು ಹೊರಿಸಿದ. ಕನ್ನಡಿ ಮಳಿಗೆಯವನು ಅದರ ಮುಂದೆ ನಿಂತು ಹಲ್ಲು ಕಿರಿದು, ಕಿವಿ ಎಳೆದುಕೊಂಡು, ನಾಲಿಗೆ ಚಾಚಿ, ನಾನು ಯಾವಾಗಲೂ ಇದ್ದ ಹಾಗೇ ಇದ್ದೇನಲ್ಲ ಗಾಜಣ್ಣ, ಹೆಣ ಯಾರದು ಎಂದು ಕೇಳಿದ್ದ. ಸೊಸೆ ಆಚೆ ತಿರುಗಿ ನಕ್ಕಿದ್ದಳು. ಅವಳು ನಕ್ಕದ್ದು ಅದೇ ಕೊನೆ. ಅಂದಿನಿಂದ ಗಾಜು ಹೊರುವಾಗ ಅವನ ಕೈ ನಡುಗಿದಾಗಲೆಲ್ಲ ಅವಳ ಹೆಜ್ಜೆಯೇ ತಪ್ಪಾಗುತ್ತ ಬಂತು.

ಡಾಕ್ಟರಮ್ಮನ ಬಳಿಗೆ ಹೋದದ್ದೂ ಕಳ್ಳತನದಲ್ಲೇ. ಕಿಟಕಿಯ ಅಳತೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ, ಅನುಮಾನ ಬಾರದಿರಲೆಂದು ಅಳತೆಯ ಟೇಪನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದ. ಡಾಕ್ಟರಮ್ಮ ಅವನ ಎದೆಗೆ ತಣ್ಣನೆಯ ಬಿಲ್ಲೆಗಳನ್ನು ಅಂಟಿಸಿ, ವೈರು ಸಿಕ್ಕಿಸಿ, ಯಂತ್ರದಿಂದ ಬಂದ ಉದ್ದನೆಯ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. ರಕ್ತವನ್ನೂ ಪರೀಕ್ಷೆಗೆ ಕಳಿಸಿ ಮತ್ತೆ ಬರಹೇಳಿದಳು. ಎರಡನೆಯ ಸಲ ಹೋದಾಗ, ಹೃದಯ ಗಟ್ಟಿಯಾಗಿದೆ, ಇದು ಗಾಬರಿ ಎಂದಳು. ಎದೆನೋವು ಎಂದರೆ ಮೊದಲು ತೋರಿಸಿಕೊಳ್ಳಲೇಬೇಕು, ನೀವು ಬಂದದ್ದು ಒಳ್ಳೆಯದಾಯಿತು ಎಂದೂ ಹೇಳಿದಳು. ಅವನಿಗೆ ಮಾತ್ರ ದೊಡ್ಡ ಅವಮಾನವಾಯಿತು. ಹೃದಯ ಕೆಟ್ಟಿದೆ ಎಂದಿದ್ದರೆ ಮನೆಗೆ ಹೋಗಿ ತಲೆಯೆತ್ತಿ ಹೇಳಬಹುದಿತ್ತು, ಹೆಂಡತಿ ಅಳುತ್ತಿದ್ದಳು, ತಮ್ಮ ಕುಂಟುತ್ತ ನೋಡಲು ಬರುತ್ತಿದ್ದ. ಗಾಬರಿ ಎಂದು ಹೇಗೆ ಹೇಳುವುದು. ಗಾಬರಿ ಎನ್ನುವುದು ಕತ್ತಲಲ್ಲಿ ಬೆಕ್ಕು ತುಳಿದ ಮಕ್ಕಳಿಗೆ ಆಗುವಂಥದ್ದು. ಡಾಕ್ಟರಮ್ಮ ಅವನ ಮುಖ ನೋಡಿಯೇ ಇರಬೇಕು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನಿಧಾನವಾಗಿ ವಿವರಿಸಿದಳು. ನಿಮ್ಮ ಮೈ ಬೆಂಕಿ ಬಿದ್ದಿದೆ ಎಂದು ತಪ್ಪು ತಿಳಿದು ಓಡುವುದಕ್ಕೆ ಸಿದ್ಧವಾಗುತ್ತದೆ, ಅದಕ್ಕೇ ಎದೆ ಬಡಿತ. ಉಸಿರು ಮೇಲೆಮೇಲೆ ಚೂರುಚೂರಾಗಿ ಬರುತ್ತದೆ, ಅದಕ್ಕೇ ಬೆರಳಲ್ಲಿ ಇರುವೆ, ತುಟಿ ಮರಗಟ್ಟುವುದು. ಬೆಟ್ಟ ಹತ್ತಿದ ಹಾಗೆ ಅದು, ತುದಿ ಮುಟ್ಟಿದ ಮೇಲೆ ಇಳಿಯಲೇಬೇಕು, ಮೇಲೇ ಉಳಿದವರು ಯಾರೂ ಇಲ್ಲ. ಓಡಬೇಡಿ, ಅದರ ಜೊತೆ ಜಗಳಕ್ಕೂ ನಿಲ್ಲಬೇಡಿ. ಎಳೆದುಕೊಂಡದ್ದಕ್ಕಿಂತ ಉದ್ದವಾಗಿ ಉಸಿರು ಬಿಡಿ. ಮತ್ತೆ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅವನು ಎಲ್ಲದಕ್ಕೂ ತಲೆಯಾಡಿಸಿ, ಎದ್ದು ನಿಂತು, ಅವಳ ಕೋಣೆಯ ಕಿಟಕಿಯ ಗಾಜಿನಲ್ಲಿ ಮೂಲೆಯಿಂದ ಮೂಲೆಗೆ ಒಂದು ಬಿರುಕು ಇರುವುದನ್ನು ಕಂಡು ಟೇಪು ತೆಗೆದು ಅಳತೆ ತೆಗೆದುಕೊಂಡ. ಹಾಗಾದರೂ ಮನೆಯಲ್ಲಿ ಹೇಳಿ ಬಂದದ್ದು ಸುಳ್ಳಾಗಬಾರದು. ಡಾಕ್ಟರಮ್ಮ ಬಾಯಿ ತೆರೆದು ನೋಡಿದಳು.

ಮನೆಯಲ್ಲಿ ಆ ಉಸಿರನ್ನು ಅಭ್ಯಾಸ ಮಾಡಿದ್ದುಂಟು. ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ಉಸಿರೆಳೆದು, ಈಗ ಬಿಡಬೇಕು, ಈಗ ಬಿಡುತ್ತಿದ್ದೇನೆ, ಸರಿಯಾಗಿ ಬಿಟ್ಟೆನೋ ಇಲ್ಲವೋ ಎಂದು ಯೋಚಿಸಿ ಯೋಚಿಸಿ ಉಸಿರೇ ಮರೆತುಹೋದಂತಾಗಿ ಬೆವತುಬಿಟ್ಟಿದ್ದ. ಹೊರಗಿನಿಂದ ಹೆಂಡತಿ, ಒಳಗೆ ಸೈಕಲ್ ಪಂಪು ಹೊಡೆಯುತ್ತಿದ್ದೀರಾ ಎಂದು ಕೂಗಿದ್ದಳು.

ತಳ್ಳುಗಾಡಿ ಬೇಕರಿಯ ಓಣಿಯ ಬಾಯಿಯ ತನಕ ಹೋಗುತ್ತದೆ, ಅಲ್ಲಿಂದ ಮುಂದೆ ಕೈಯಲ್ಲೇ ಹೊರಬೇಕು. ಸೊಸೆ ಅಂಗೈಗೆ ರಬ್ಬರಿನ ತುಂಡು ಕಟ್ಟಿಕೊಂಡು ಮುಂದಿನ ತುದಿಗೆ ನಿಂತಳು. "ಎತ್ತೋಣ" ಎಂದಳು, ಅಷ್ಟೇ. ಮೊದಲಾದರೆ ಇಡೀ ದಾರಿ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಎಡಕ್ಕೆ ಗುಂಡಿ ಮಾವ, ಬಲಕ್ಕೆ ನಿಮ್ಮ ಹಳೇ ಸ್ನೇಹಿತರು, ನಮಸ್ಕಾರ ಮಾಡಬೇಡಿ, ಗಾಜು ಬೀಳುತ್ತೆ ಎಂದೆಲ್ಲ ಹೇಳುತ್ತ ಹೋಗುವವಳು. ಈವತ್ತು ಎಡ, ಬಲ, ಕಲ್ಲು, ಇಷ್ಟೇ. ಅವನು ಗಾಜಿನ ತಲೆಯನ್ನು ನೋಡುತ್ತ ಅವಳ ಕಾಲನ್ನೂ ನೋಡಿದ. ಹಿಮ್ಮಡಿ ಮೊದಲು, ಆಮೇಲೆ ಬೆರಳು, ನೆಲವನ್ನು ಮುಟ್ಟಿ ಕೇಳಿಕೊಂಡೇ ಇಡುವ ಹೆಜ್ಜೆ. ತಮ್ಮನಿಗಿಂತ ಒಳ್ಳೆಯ ಹೆಜ್ಜೆ. ತನಗಿಂತಲೂ. ಕಳೆದ ವಾರ ಸಂಜೆ ಮಗ ಮತ್ತು ಸೊಸೆ ತಮ್ಮ ಕೋಣೆಯ ಬಾಗಿಲನ್ನೇ ಕೀಲಿನಿಂದ ಬಿಚ್ಚಿ, ಎರಡು ತುದಿ ಹಿಡಿದುಕೊಂಡು ಪಡಸಾಲೆಯಲ್ಲಿ ಆಚೆಗೂ ಈಚೆಗೂ ನಡೆಯುತ್ತಿದ್ದದ್ದನ್ನು ಕಂಡಿದ್ದ. ಬಾಗಿಲಿಗೆ ಗೆದ್ದಲು ಹಿಡಿಯಿತೇ ಎಂದು ಕೇಳಿದ್ದಕ್ಕೆ ಮಗ, ಇಲ್ಲಪ್ಪ, ಗಾಳಿಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದಿದ್ದ. ಅವಳು ಹೆಜ್ಜೆ ಅಭ್ಯಾಸ ಮಾಡುತ್ತಿದ್ದಳು ಎನ್ನುವುದು ಈಗ, ಓಣಿಯ ನಡುವೆ, ಕೈತುಂಬ ಗಾಜು ಇರುವಾಗ ಅವನಿಗೆ ಹೊಳೆಯಿತು. ತಪ್ಪಿಲ್ಲದ ಹೆಜ್ಜೆಯನ್ನು ತಿದ್ದಿಕೊಳ್ಳುವುದಕ್ಕೆ ಇವಳು ಬಾಗಿಲು ಬಿಚ್ಚಿದಳಲ್ಲ. ಎದೆಯೊಳಗೆ ಏನೋ ಒಂದು ಮೆಟ್ಟಿಲು ತಪ್ಪಿದ ಹಾಗಾಯಿತು.

ಬೇಕರಿಯವನು ಬಾಗಿಲಲ್ಲೇ ಕಾಯುತ್ತಿದ್ದ. ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡ ದೊಡ್ಡ ಮೈಯ ಮನುಷ್ಯ. ಅಂಗಡಿಗೆ ಗಾಜಿಲ್ಲದಾಗಿನಿಂದ ನೊಣಗಳ ಜೊತೆಗೆ ಗಿರಾಕಿಗಳೂ ಕಿಟಕಿಯಿಂದಲೇ ಕೈ ಹಾಕುತ್ತಿದ್ದಾರೆ ಎಂದು ದೂರು ಹೇಳುತ್ತಲೇ ಗಾಜಿಗೆ ಕೈ ಕೊಟ್ಟ. ಮೂವರೂ ಸೇರಿ ಹೊರಗಿನಿಂದ ಗಾಜನ್ನು ಎತ್ತಿ ಚೌಕಟ್ಟಿನ ಕಚ್ಚಿಗೆ ಕೂರಿಸಿದರು. ಇನ್ನು ಕ್ರಮ ಹೀಗೆ. ಒಬ್ಬರು ಅಂಗಡಿಯ ಒಳಗೆ ನಿಂತು, ಗಾಜಿಗೆ ಕಚ್ಚಿಕೊಳ್ಳುವ ರಬ್ಬರಿನ ಹಿಡಿಯಿಂದ ಅದನ್ನು ತಮ್ಮ ಕಡೆ ಎಳೆದು ಹಿಡಿದಿರಬೇಕು. ಇನ್ನೊಬ್ಬರು ಹೊರಗೆ ನಿಂತು ಸುತ್ತಲೂ ಮರದ ಪಟ್ಟಿ ಹೊಡೆಯಬೇಕು. ಕೊನೆಯ ಪಟ್ಟಿ ಬೀಳುವ ತನಕ ಒಳಗಿನವರು ಬಿಟ್ಟರೆ ಇಡೀ ಗಾಜು ಹೊರಗಿನವರ ಮೇಲೆ ಬರುತ್ತದೆ. ಗಾಜಣ್ಣ ಹಿಂಬಾಗಿಲಿನಿಂದ ಸುತ್ತಿ ಒಳಗೆ ಬಂದು ಎರಡು ಹಿಡಿಗಳನ್ನು ಅಂಟಿಸಿ ಎಳೆದು ನಿಂತ. ಬೇಕರಿಯವನು ಕೈ ಬಿಟ್ಟು ಒಲೆ ನೋಡುವುದಕ್ಕೆ ಹೋದ. ಹೊರಗೆ ಸೊಸೆ ಬಾಯಲ್ಲಿ ಸಣ್ಣ ಮೊಳೆಗಳನ್ನು ಕಚ್ಚಿಕೊಂಡು ಕೆಳಗಿನ ಪಟ್ಟಿಗೆ ಸುತ್ತಿಗೆ ಹಾಕಿದಳು.

ಗಾಜು ಕೂತ ಕೂಡಲೇ ಬೀದಿಯ ಸದ್ದು ನಿಂತುಹೋಯಿತು. ಒಳಗೆ ಒಲೆಯ ಕಾವು, ಬ್ರೆಡ್ಡಿನ ವಾಸನೆ, ಮುಚ್ಚಿದ ಗಾಳಿ. ಬಂತು ಎಂದು ಗಾಜಣ್ಣನಿಗೆ ಗೊತ್ತಾಯಿತು. ಬೆರಳ ತುದಿಯಲ್ಲಿ ಮೊದಲ ಇರುವೆ ಹರಿದಾಗಲೇ ಗೊತ್ತಾಯಿತು. ಆಮೇಲೆ ತುಟಿ, ಆಮೇಲೆ ಎದೆಯ ಮೇಲಿನ ಹಾಸಿಗೆ, ಹತ್ತಿಯ ಕಾಲು. ಅದೇ ಸಾಲು, ಅದೇ ಮೆರವಣಿಗೆ. ಡಾಕ್ಟರಮ್ಮನ ಮಾತು ನೆನಪಿಗೆ ಬಂತು, ಆದರೆ ಓದು ಬಾರದವನಿಗೆ ಬಸ್ಸಿನ ಹಣೆಯ ಬೋರ್ಡು ಕಂಡ ಹಾಗೆ ಬಂತು. ಓಡಬೇಡಿ ಎಂದಿದ್ದಳು. ಓಡುವುದೆಲ್ಲಿಂದ ಬಂತು, ಎರಡು ಕೈಯೂ ಹಿಡಿಗಳಿಗೆ ಅಂಟಿದ್ದವು, ಹಿಡಿಗಳ ಆಚೆ ಅವಳಿದ್ದಳು, ತಲೆ ಬಗ್ಗಿಸಿ ಮೊಳೆ ಹೊಡೆಯುತ್ತಿದ್ದ ಅವಳ ಬೈತಲೆ ಅವನಿಗೆ ಅಷ್ಟು ಹತ್ತಿರದಲ್ಲಿ ಕಾಣುತ್ತಿತ್ತು. ಈಗ ಕೂಗಿ ಹೇಳಿದರೂ ಅವಳಿಗೆ ಕೇಳುವುದಿಲ್ಲ. 'ನೆಲ' ಎಂದರೂ ಇಳಿಸುವುದಕ್ಕೆ ನೆಲವಿಲ್ಲ, ಗಾಜು ಆಗಲೇ ಚೌಕಟ್ಟಿನಲ್ಲಿದೆ. ಹೇಳಬಹುದಾಗಿದ್ದ ಹೊತ್ತಿನಲ್ಲೆಲ್ಲ ಹೇಳದೆ ಉಳಿಸಿ ಉಳಿಸಿ, ಹೇಳಲಾಗದ ಜಾಗಕ್ಕೇ ಬಂದು ನಿಂತೆನಲ್ಲ ಎಂದುಕೊಂಡ. ಉಸಿರು ಚೂರುಚೂರಾಯಿತು. ಮೂಗಿನ ಎದುರಿನ ಗಾಜಿನ ಮೇಲೆ ಹಬೆಯ ಸಣ್ಣ ಚುಕ್ಕೆ ಮೂಡಿತು, ಅದು ಆರುವ ಮೊದಲೇ ಇನ್ನೊಂದು, ಅದರ ಪಕ್ಕ ಮತ್ತೊಂದು.

ಸೊಸೆ ತಲೆಯೆತ್ತಿದಳು. ಹಬೆಯ ಚುಕ್ಕೆಗಳನ್ನು ನೋಡಿದಳು. ಅವಳ ಹುಬ್ಬು ಮೇಲೆ ಹೋಯಿತು. ಹೊಸ ಗಾಜನ್ನು ಪರೀಕ್ಷಿಸುವಾಗ ಅದರ ಮೇಲೆ ಉಸಿರು ಬಿಟ್ಟು ನೋಡುವುದು ಈ ಕೆಲಸದವರ ರೂಢಿ. ಉದ್ದನೆಯ ಉಸಿರಿಗೆ ಗಾಜು ಅಗಲಕ್ಕೆ ಮಂಜಾಗುತ್ತದೆ, ಗೀರು ಇದ್ದರೆ ಆ ಮಂಜಿನಲ್ಲಿ ದಾರದ ಹಾಗೆ ಎದ್ದು ಕಾಣುತ್ತದೆ. ಇದನ್ನು ಕಲಿಸುವಾಗ ಗಾಜಣ್ಣ ಅವಳನ್ನು ಎಷ್ಟು ಗೋಳು ಹುಯ್ದುಕೊಂಡಿದ್ದ. ಹೀಗೆ ಕೋಳಿ ಕುಕ್ಕಿದ ಹಾಗೆ ಊದಿದರೆ ಏನು ಕಾಣುತ್ತೆ, ಹೊಟ್ಟೆಯಿಂದ ಬಿಡು, ಖಾಲಿಯಾಗೋ ತನಕ ಬಿಡು, ಅವಸರ ಏನು, ರೈಲು ಹಿಡೀಬೇಕಾ ಎಂದು. ಈಗ ಅದೇ ಗುರು ಗಾಜಿನ ಮೇಲೆ ಕೋಳಿ ಕುಕ್ಕಿದ ಹಾಗೆ ಊದುತ್ತಿದ್ದಾನೆ. ಎಷ್ಟೋ ದಿನಗಳಿಂದ ಬಿಗಿದುಕೊಂಡಿದ್ದ ಅವಳ ಮುಖದಲ್ಲಿ ತುಂಟತನ ಹೊಕ್ಕಿತು. ಬಾಯಿಂದ ಮೊಳೆಗಳನ್ನು ಅಂಗೈಗೆ ಉಗಿದು, ಗಾಜಿನ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, ಅವನ ಚುಕ್ಕೆಗಳನ್ನು ತೋರಿಸಿ, ಬೇಡ ಬೇಡ ಎಂದು ತಲೆಯಾಡಿಸಿದಳು. ಆಮೇಲೆ ಅವನೇ ಮಾಡುತ್ತಿದ್ದ ಹಾಗೆ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಕಣ್ಣು ಅರೆ ಮುಚ್ಚಿ, ದೊಡ್ಡ ವಿದ್ವಾಂಸರ ಗತ್ತಿನಲ್ಲಿ ಗಾಜಿನ ಮೇಲೆ ಉಸಿರು ಬಿಟ್ಟಳು. ಬಿಡುತ್ತಲೇ ಹೋದಳು. ಅವಳ ಕಡೆ ಗಾಜು ತಟ್ಟೆಯಷ್ಟಗಲ ಮಂಜಾಯಿತು. ಮಂಜಿನ ಆಚೆಯಿಂದ ಬೆರಳೆತ್ತಿ ಅಲ್ಲಾಡಿಸಿದಳು. ಹೀಗೆ.

ಸಾಯುತ್ತಿದ್ದೇನೆ ಎಂದುಕೊಂಡಿದ್ದ ಗಾಜಣ್ಣನಿಗೆ ಸಿಟ್ಟು ಬಂತು. ನನಗೇ ಕಲಿಸುತ್ತಾಳಲ್ಲ. ತಾನು ಹಾಲು ಕುಡಿಯುವ ಮಗು ಎಂದುಕೊಂಡಳೇ. ಸಾಯುವುದನ್ನು ಒಂದು ಗಳಿಗೆ ಪಕ್ಕಕ್ಕಿಟ್ಟು, ಗಾಜಿನ ಕೆಲಸದವನೊಬ್ಬ ಉಸಿರು ಬಿಡಬೇಕಾದ ರೀತಿಯಲ್ಲಿ, ಹೊಟ್ಟೆಯಿಂದ, ಖಾಲಿಯಾಗುವ ತನಕ ಉಸಿರು ಬಿಟ್ಟ. ಗಾಜು ಅಗಲಕ್ಕೆ ಮಂಜಾಯಿತು, ಅವಳದಕ್ಕಿಂತ ಒಂದು ಬೆರಳು ಹೆಚ್ಚೇ. ಅವಳು ತಲೆ ಓರೆ ಮಾಡಿ, ಪರವಾಗಿಲ್ಲ ಎಂಬಂತೆ ಕೈ ಆಡಿಸಿ, ಮತ್ತೆ ಬಿಟ್ಟಳು. ಅವನೂ ಮತ್ತೆ ಬಿಟ್ಟ. ಮಂಜು ಅಂಚಿನಿಂದ ಆರುತ್ತ ಬರುವುದನ್ನು ನೋಡುತ್ತ, ಗೀರು ಇದೆಯೇ ಎಂದು ಹುಡುಕಿದ. ಹುಡುಕಿಯೇ ಹುಡುಕಿದ, ಇರಲಿಲ್ಲ. ಎಡಕ್ಕೆ ಕತ್ತು ತಿರುಗಿಸಿ ಬಿಟ್ಟ, ಬಲಕ್ಕೆ ತಿರುಗಿಸಿ ಬಿಟ್ಟ. ಯಾವಾಗಲೋ ಬೆರಳಿನ ಇರುವೆಗಳು ಕಡಿಮೆಯಾಗಿದ್ದವು. ಎದೆ ಇನ್ನೂ ಬಡಿಯುತ್ತಿತ್ತು, ಆದರೆ ಓಡಿ ಬಂದ ನಾಯಿ ನೆರಳಲ್ಲಿ ಮಲಗಿ ಏದುವ ಹಾಗೆ ಬಡಿಯುತ್ತಿತ್ತು. ಕಾಲ ಕೆಳಗಿನ ಹಾಸುಗಲ್ಲು ತಣ್ಣಗಿದೆ ಎನ್ನುವುದು ಆಗ ಗೊತ್ತಾಯಿತು. ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಹುಡುಕಿದ ಉಸಿರು ಇದೇ. ಇಷ್ಟು ಕಾಲ ಇದನ್ನು ಗಾಜಿಗೆ ಮಾತ್ರ ಕೊಟ್ಟಿದ್ದ, ತನಗೆ ಕೊಟ್ಟುಕೊಂಡಿರಲಿಲ್ಲ. ಕೈಗಳು ಹಿಡಿಗಳನ್ನು ಎಳೆದುಕೊಂಡೇ ಇದ್ದವು. ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಸೊಸೆ ಕೊನೆಯ ಪಟ್ಟಿಗೆ ಕೊನೆಯ ಮೊಳೆ ಹೊಡೆದು, ಎರಡು ಸಲ ಬಡಿದು ಸನ್ನೆ ಮಾಡಿದಳು. ಆಗ ಬಿಟ್ಟ.

ಹಿಂಬಾಗಿಲಿನಿಂದ ಹೊರಗೆ ಬಂದು ಅವಳ ಎದುರು ನಿಂತಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಸೊಸೆ ಗಾಜಿನ ಅಂಚಿಗೆ ಮೆತ್ತುವ ಪುಟ್ಟಿ ನಾದುತ್ತಿದ್ದಳು. ಗಾಜು ಸ್ವಚ್ಛವಾಗಿದೆ ಎಂದಳು. ಅವನು, ಗಾಜು ನೋಡುತ್ತಿರಲಿಲ್ಲ ಎಂದ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕೊನೆಯಿಂದಲೇ ಶುರು ಮಾಡಿದ.

"ನಿನ್ನ ಹೆಜ್ಜೆ ಸರಿಯಾಗೇ ಇತ್ತು. ಮೊದಲಿಂದಾನೂ."

ಅವಳ ಕೈ ನಿಂತಿತು. ಅವನು ಹೇಳಿದ, ಮೆಟ್ಟಿಲಿನ ಇರುವೆಗಳನ್ನು, ಕನ್ನಡಿಯ ಹೆಣವನ್ನು, ಡಾಕ್ಟರಮ್ಮನ ವೈರನ್ನು, ಹೃದಯ ಗಟ್ಟಿಯಾಗಿದೆ ಎಂಬ ಅವಮಾನವನ್ನು. ಹೇಳುತ್ತ ಹೋದಂತೆ ಅದು ಅಷ್ಟೇನೂ ದೊಡ್ಡದಾಗಿರಲಿಲ್ಲ. ಬಾಯಿಯೊಳಗೆ ನಾಲಿಗೆಗೆ ಗುಡ್ಡದಷ್ಟು ತೋರುವ ಹಲ್ಲಿನ ಗುಳಿ ಹೊರಗಿನಿಂದ ನೋಡಿದರೆ ಸಾಸಿವೆಯಷ್ಟಿರುತ್ತದಲ್ಲ, ಹಾಗೆ. ಸೊಸೆ ಪುಟ್ಟಿಯನ್ನು ಉಂಡೆ ಮಾಡಿ, ಚಪ್ಪಟೆ ಮಾಡಿ, ಮತ್ತೆ ಉಂಡೆ ಮಾಡಿದಳು. ಅವಳ ಕಣ್ಣಲ್ಲಿ ನೀರಿತ್ತೋ ಸಿಟ್ಟಿತ್ತೋ ಅವನಿಗೆ ತಿಳಿಯಲಿಲ್ಲ.

"ನಾನು ಬಾಗಿಲು ಬಿಚ್ಚಿದ್ದೆ ಮಾವ."

"ಗೊತ್ತಾಯ್ತು. ಈವತ್ತು ಗೊತ್ತಾಯ್ತು."

"ಅದನ್ನ ವಾಪಸು ಹಾಕೋಕೆ ಬರ್ತಾ ಇಲ್ಲ ಅವರಿಗೆ. ಒಂದು ವಾರದಿಂದ ಕೋಣೆಗೆ ಬಾಗಿಲಿಲ್ಲ. ಅತ್ತೆ ಬಂದು ಬಂದು ಮಾತಾಡಿಸ್ತಾರೆ."

ಅವನಿಗೆ ನಗು ಬಂತು, ತಡೆದುಕೊಂಡ. ಅವಳು ತಡೆದುಕೊಳ್ಳಲಿಲ್ಲ, ಆದರೆ ನಗುತ್ತಲೇ ಬೈದಳು. ನಾಡಿ ನೋಡಿಕೊಳ್ಳುವುದನ್ನು ನಾನೂ ಅತ್ತೆಯೂ ಕಂಡಿದ್ದೇವೆ, ಮಾವನಿಗೆ ಕೈಗಡಿಯಾರದ ಆಸೆಯಾಗಿದೆ, ಒಂದು ತಂದುಕೊಡೋಣ ಎಂದು ಮಾತಾಡಿಕೊಂಡಿದ್ದೇವೆ ಎಂದಳು. ಅಷ್ಟು ಹೊತ್ತಿಗೆ ಬೇಕರಿಯೊಳಗಿನಿಂದ ದಪ್ಪ ಸದ್ದೊಂದು ಬಂತು. ಮಾತಿನ ಭರದಲ್ಲಿ ಇಬ್ಬರೂ ಹೊಸ ಗಾಜಿಗೆ, ಇಲ್ಲಿ ಗಾಜಿದೆ ಎಂದು ತೋರಿಸುವ ಸುಣ್ಣದ ಇಂಟು ಗುರುತು ಹಾಕುವುದನ್ನು ಮರೆತಿದ್ದರು. ಗಾಜು ಎಷ್ಟು ಸ್ವಚ್ಛವಾಗಿತ್ತೆಂದರೆ, ಅವರಿಬ್ಬರಿಗೂ ಬಿಸಿ ಬನ್ನು ಕೊಡಲೆಂದು ತಟ್ಟೆ ಹಿಡಿದು ಬಂದ ಬೇಕರಿಯವನು, ಇಷ್ಟು ದಿನದ ರೂಢಿಯಂತೆ ಕಿಟಕಿಯಿಂದಲೇ ಬಗ್ಗಿ ಕೊಡುವುದಕ್ಕೆ ಬಂದಿದ್ದ. ಗಾಜಿನ ಮೇಲೆ ಹಿಟ್ಟಿನ ಒಂದು ಹಣೆ, ಹಿಟ್ಟಿನ ಒಂದು ಮೂಗು, ಎರಡೂ ಚೆನ್ನಾಗಿ ಮೂಡಿದ್ದವು. ಒಳಗಿನಿಂದ ಅವನು ಏನೋ ಹೇಳುತ್ತಿದ್ದದ್ದು ಇವರಿಗೆ ಕೇಳಿಸಲಿಲ್ಲ, ಕೇಳಿಸದಿದ್ದದ್ದೇ ಒಳ್ಳೆಯದಾಯಿತು. ಸೊಸೆ ಹೊಟ್ಟೆ ಹಿಡಿದುಕೊಂಡು ತಳ್ಳುಗಾಡಿಯ ಮೇಲೆ ಕೂತುಬಿಟ್ಟಳು. ಇನ್ನು ಗುರುತು ಹಾಕುವುದು ಬೇಡ ಮಾವ, ಮೂಗೇ ಇರಲಿ ಎಂದಳು.

ಲಾಂಡ್ರಿಯ ಮಾತನ್ನು ಆ ದಿನ ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮನೆಗೆ ಹೋಗಿ ಮೊದಲು ಕೋಣೆಯ ಬಾಗಿಲನ್ನು ಕೀಲಿಗೆ ಹಾಕಿದ. ಆಮೇಲೆ ಹೆಂಡತಿಗೂ ಹೇಳಿದ. ಅವಳು, ಹಾಗಾದರೆ ಸೈಕಲ್ ಪಂಪು ಅಲ್ಲ ಎಂದಳು.

ಇಷ್ಟರಿಂದ ಅದು ಬರುವುದು ನಿಲ್ಲಲಿಲ್ಲ. ನಿಲ್ಲುತ್ತದೆ ಎಂದು ಡಾಕ್ಟರಮ್ಮನೂ ಹೇಳಿರಲಿಲ್ಲ. ಅವಳ ಕಿಟಕಿಯ ಗಾಜನ್ನು ಕೊಯ್ದು ಹೊತ್ತುಕೊಂಡು ಹೋದ ಬೆಳಿಗ್ಗೆಯೇ ಮತ್ತೆ ಬಂತು, ಪೇಟೆಯ ನಡುವೆ, ತರಕಾರಿಯವರ ಸಾಲಿನ ಎದುರು, ಏನೂ ಕಾರಣವಿಲ್ಲದೆ. ಇರುವೆ, ತುಟಿ, ಹಾಸಿಗೆ. ಹಳೆಯ ನೆಂಟರು, ಅದೇ ಚಪ್ಪಲಿ ಬಿಟ್ಟು ಅದೇ ಕ್ರಮದಲ್ಲಿ ಒಳಗೆ ಬರುವವರು. ಮುಂದೆ ಸೊಸೆ ಎಡ, ಬಲ, ಬಲಕ್ಕೆ ಬದನೆಕಾಯಿ ಮಾವ, ಆಸೆ ಪಡಬೇಡಿ ಎಂದು ಹೇಳುತ್ತ ಹೋಗುತ್ತಿದ್ದಳು. ಅವನ ಬಾಯಿ ಒಣಗಿತ್ತು. ನಾಲಿಗೆ ಎತ್ತುವುದೇ ದೊಡ್ಡ ಗಾಜು ಎತ್ತಿದಷ್ಟು ಭಾರವಾಗಿತ್ತು.

"ನೆಲ" ಎಂದ.

ಅವಳು ತಿರುಗಿ ನೋಡಲೂ ಇಲ್ಲ. ಮಂಡಿ ಬಗ್ಗಿತು, ಗಾಜು ಇಳಿಯಿತು, ಕಂಬಳಿಯ ತುಂಡಿನ ಮೇಲೆ ಸದ್ದಿಲ್ಲದೆ ನಿಂತಿತು. ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಗಾಜು ಹಿಡಿದು ನಿಂತರು. ಅವನು ಗಾಜಿನ ಮೇಲೆ ಉದ್ದಕ್ಕೆ ಉಸಿರು ಬಿಟ್ಟ. ಆರುವುದನ್ನು ನೋಡಿದ. ಮತ್ತೆ ಬಿಟ್ಟ. ಜನ ಇಬ್ಬದಿಯಿಂದ ಗೊಣಗುತ್ತ ಸುತ್ತಿಕೊಂಡು ಹೋದರು. ತರಕಾರಿಯವಳು, ಏನಮ್ಮ ದಾರಿಯಲ್ಲೇ ನಿಂತುಬಿಟ್ಟಿರಿ ಎಂದು ಕೇಳಿದ್ದಕ್ಕೆ ಸೊಸೆ, ಗಾಜಿಗೆ ದಣಿವಾಗಿದೆ ಎಂದಳು. ಬೆಟ್ಟ ಅದರ ಪಾಡಿಗೆ ಅದು ಇಳಿಯಿತು. ಅವನು ಸಾಕು ಎನ್ನುವಂತೆ ತಲೆಯಾಡಿಸಿದ. ಕಟ್ಟಳೆಯಂತೆ ಅವಳು ಏನೂ ಕೇಳಲಿಲ್ಲ. ಎತ್ತುವ ಮೊದಲು ಮಾತ್ರ, ಅವನ ಕಡೆ ನೋಡದೆ, ರಬ್ಬರಿನ ತುಂಡು ಬಿಗಿಮಾಡಿಕೊಳ್ಳುತ್ತ ಹೇಳಿದಳು.

"ಇಷ್ಟು ವರ್ಷದಲ್ಲಿ ನಾನೂ ಯಾವತ್ತೂ ಅಂದಿರಲಿಲ್ಲ ಮಾವ. ನೀವೇ ಅನ್ನಲ್ಲ, ನಾನು ಹೇಗೆ ಅನ್ನಲಿ."

ಮತ್ತೆ ಎತ್ತಿದರು. ಅವನು ಆ ಮಾತನ್ನು ಹೊತ್ತುಕೊಂಡು ನಡೆದ, ಅದು ಗಾಜಿಗಿಂತ ತೂಕವಾಗಿತ್ತು. ಅವಳ ತೋಳು ಸೆಟೆದ ಎಷ್ಟೋ ಮೆಟ್ಟಿಲುಗಳು, ಬೆವರಿ ಜಾರುತ್ತಿದ್ದ ಅವಳ ಅಂಗೈಗಳು, ತುಟಿ ಕಚ್ಚಿಕೊಂಡು ಹೊತ್ತ ಮಧ್ಯಾಹ್ನಗಳು, ಇವೆಲ್ಲ ತನ್ನ ಒಂದು ಹೆಮ್ಮೆಯ ಆಚೆ ತುದಿಯಲ್ಲಿ ಇದ್ದವಲ್ಲ ಎಂದುಕೊಳ್ಳುತ್ತಿದ್ದಾಗ, ಡಾಕ್ಟರಮ್ಮನ ಬಾಗಿಲು ಇನ್ನೇನು ಕಾಣಿಸಿತು ಎನ್ನುವಷ್ಟರಲ್ಲಿ, ಮುಂದಿನಿಂದ ಸ್ಪಷ್ಟವಾಗಿ, ಗಟ್ಟಿಯಾಗಿ ಕೇಳಿಸಿತು.

"ನೆಲ."

ಅವನು ಕೂಡಲೇ ಇಳಿಸಿದ. ಸೊಸೆ ಸೊಂಟಕ್ಕೆ ಕೈಯಿಟ್ಟು ನಿಂತು ಆಕಾಶ ನೋಡಿದಳು. ತಂತಿಯ ಮೇಲೆ ಕೂತ ಹಕ್ಕಿಯೊಂದನ್ನು ನೋಡಿದಳು. ಮೂಗು ಕೆರೆದುಕೊಂಡಳು. ದಣಿದವಳ ಹಾಗೇನೂ ಕಾಣಲಿಲ್ಲ, ತುಟಿಯ ಕೊನೆಯಲ್ಲಿ ನಗು ಇದ್ದ ಹಾಗಿತ್ತು. ಏಕೆ ಎಂದು ಕೇಳುವ ಆಸೆ ಗಾಜಣ್ಣನ ಗಂಟಲಿನ ತನಕ ಬಂತು. ಕೇಳುವ ಹಾಗಿರಲಿಲ್ಲ. ಅವನು ಗಾಜಿನ ತುದಿ ಹಿಡಿದುಕೊಂಡು, ಬಿಸಿಲು ಕಾ‍ಯಿಸಿಕೊಳ್ಳುತ್ತ, ಅವಳು ಎತ್ತೋಣ ಎನ್ನುವ ತನಕ ಸುಮ್ಮನೆ ನಿಂತ.